ನಲ್ಲಿ ನೀರಿನಿಂದ ಸೀಲಂಟ್‌ವರೆಗೆ

ಮಕ್ಕಳ ಹಲ್ಲಿಗೆ ಸೀಲಂಟ್ ಯಾಕೆ ಅಂತ ಕೇಳಿದವರಿಗೆ ನಾನು ಇಲ್ಲಿನ ಟೀಲ್ ಊರಿನ ಕಥೆ ಹೇಳ್ತೀನಿ. 1953ರಲ್ಲಿ ಅಲ್ಲಿನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಿದರು; ಹತ್ತಿರದ ಕ್ಯುಲೆಂಬೋರ್ಗ್‌ಗೆ ಬೆರೆಸಲಿಲ್ಲ. ವರ್ಷಗಟ್ಟಲೆ ಎರಡೂ ಊರಿನ ಮಕ್ಕಳ ಹಲ್ಲು ಹೋಲಿಸಿದರು. ಟೀಲ್‌ನಲ್ಲಿ ಹುಳುಕು ಇಳಿದಿತ್ತು. ಆದರೆ ಹೆಚ್ಚು ಲಾಭ ಹಲ್ಲಿನ ನುಣುಪು ಬದಿಗಳಿಗೆ, ದವಡೆ ಹಲ್ಲಿನ ಗೀರುಗಳಿಗೆ ಅಷ್ಟಿಲ್ಲ. (ನಮ್ಮ ಕೋಲಾರದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅತಿಯಾಗಿ ಹಲ್ಲೇ ಕಂದಾಗುತ್ತೆ, ಅದು ಬೇರೆ ಗೋಳು!)

1973ರಲ್ಲಿ ಡಚ್ ಸುಪ್ರೀಂ ಕೋರ್ಟ್ ಇದಕ್ಕೆ ಕಾನೂನಿನ ಆಧಾರವಿಲ್ಲ ಅಂದಿತು. ಎಲ್ಲರ ನೀರಿಗೂ ಕೇಳದೆ ಬೆರೆಸೋದು ಸರಿಯಲ್ಲ ಅಂತ ನನಗೂ ಅನ್ಸುತ್ತೆ.

ಆ ಗೀರು ಮುಚ್ಚೋ ದಾರಿ ಸಿಕ್ಕಿದ್ದು ಅಮೆರಿಕದಲ್ಲಿ. ಆಮ್ಲ ಹಚ್ಚಿದ ಎನಾಮಲ್‌ಗೆ ರಾಳ ಗಟ್ಟಿಯಾಗಿ ಅಂಟುತ್ತೆ ಅಂತ ಬ್ಯೂನೊಕೋರ್ 1955ರಲ್ಲಿ ತೋರಿಸಿದ್ರು. ಈಗ ಇಲ್ಲಿ 18 ತುಂಬೋವರೆಗೆ ಸೀಲಂಟ್ ಮೂಲ ವಿಮೆಯಲ್ಲೇ ಸಿಗುತ್ತೆ. ಆದರೆ ಇದು ನಲ್ಲಿಯಲ್ಲಿ ಬರಲ್ಲ, ಮಗುವನ್ನ ನಾವೇ ಕರ್ಕೊಂಡು ಹೋಗ್ಬೇಕು.