ಹೊಳೆ ಒಯ್ದ ಮಣ್ಣು

ನಮ್ಮ ಕಡೆ ಇತಿಹಾಸ ಎಂದೊಡನೆ ಕಿತ್ತೂರಿನ ಕೋಟೆ, 1824ರ ಕಾಳಗ, ಬೈಲಹೊಂಗಲದಲ್ಲಿರುವ ರಾಣಿ ಚೆನ್ನಮ್ಮನ ಸಮಾಧಿ ಕಣ್ಣಮುಂದೆ ಬರುತ್ತವೆ. ಅದು ಸಹಜವೇ. ಆದರೆ ಯಾವ ದಫ್ತರದಲ್ಲೂ ದಾಖಲಾಗದ ಇನ್ನೊಂದು ಇತಿಹಾಸ ಪ್ರತಿ ಮಳೆಗಾಲವೂ ಈ ಸೀಮೆಯಿಂದ ಹೊಳೆಯಲ್ಲಿ ಹರಿದುಹೋಗಿದೆ. ಅದು ಮಣ್ಣಿನ ಇತಿಹಾಸ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಎಂ.ಕೆ. ಹುಬ್ಬಳ್ಳಿಯ ಗಂಗಾಂಬಿಕೆಯ ಐಕ್ಯಸ್ಥಳವನ್ನು ಮುಟ್ಟಿ, ಬೈಲಹೊಂಗಲದ ಎರೆಹೊಲಗಳ ನೀರನ್ನು ಕೂಡಿಸಿಕೊಂಡು, ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆ ದಾಟಿ, ರಾಮದುರ್ಗವನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಆ ಮಣ್ಣನ್ನು ಸಮುದ್ರ ಏನು ಮಾಡಿತು ಎಂದು ಕೇಳಿದವರು ಕಡಿಮೆ.

2006ರಲ್ಲಿ ಭಾರತದ ಅನಿಲ ಹೈಡ್ರೇಟ್ ಯೋಜನೆಗಾಗಿ ‘ಜಾಯ್ಡಿಸ್ ರೆಸೊಲ್ಯೂಷನ್’ ಎಂಬ ಹಡಗು ಕೃಷ್ಣಾ-ಗೋದಾವರಿ ಮುಖದೆದುರು ಕಡಲತಳವನ್ನು ಕೊರೆಯಿತು. ಸುಮಾರು ಒಂದು ಸಾವಿರ ಮೀಟರ್ ನೀರಿನ ಕೆಳಗೆ, ಎರಡೂ ನದಿಗಳು ಯುಗಯುಗಾಂತರದಿಂದ ಪೇರಿಸಿದ ಕೆಸರಿನಲ್ಲಿ, ಮಂಜುಗಡ್ಡೆಯಂಥ ವಸ್ತು ಸಿಕ್ಕಿತು. ಒಂದೆಡೆ ಅಂಥ ಪದರ ಸುಮಾರು 130 ಮೀಟರ್ ದಪ್ಪವಿತ್ತು. ನೀರಿನ ಅಣುಗಳು ಗೂಡು ಕಟ್ಟಿ ಮೀಥೇನ್ ಅನಿಲವನ್ನು ಹಿಡಿದಿಟ್ಟಿದ್ದವು. ಚಳಿ ಮತ್ತು ಒತ್ತಡ ಇರುವಲ್ಲಿ ಮಾತ್ರ ಇದು ಉಳಿಯುತ್ತದೆ. ಮೇಲಕ್ಕೆ ತಂದರೆ ಬುಸುಗುಟ್ಟಿ ಕರಗುತ್ತದೆ. ಕಡ್ಡಿ ಗೀರಿದರೆ ಉರಿಯುತ್ತದೆ.

ಈ ಅನಿಲ ಹುಟ್ಟಿದ್ದು ಹೇಗೆ? ಭೂಮಿಯ ಆಳದ ಕಾವಿನಲ್ಲಿ ಬೆಂದು ಬಂದಿತೇ, ಕೆಸರಿನ ಸೂಕ್ಷ್ಮಜೀವಿಗಳು ಮಾಡಿದವೇ? ಸಾಕ್ಷಿ ಹೇಳುವುದು ಅದರೊಳಗಿನ ಇಂಗಾಲ. ಇಂಗಾಲದಲ್ಲಿ 100ಕ್ಕೆ ಸುಮಾರು 99 ಪಾಲು ಹಗುರವಾದ ಇಂಗಾಲ-12, ಉಳಿದದ್ದು ತುಸು ಭಾರದ ಇಂಗಾಲ-13. ಎತ್ತು ಕಣಕಿಯಲ್ಲಿ ಎಲೆಯನ್ನು ಮೊದಲು ತಿಂದು ದಂಟು ಬಿಡುವ ಹಾಗೆ, ಈ ಜೀವಿಗಳು ಹಗುರವಾದದ್ದನ್ನೇ ಹೆಚ್ಚು ಆರಿಸುತ್ತವೆ. ಆದ್ದರಿಂದ ಅವು ಮಾಡಿದ ಮೀಥೇನಿನಲ್ಲಿ ಭಾರದ ಇಂಗಾಲ, ಒಪ್ಪಿತ ಅಳತೆಗಿಂತ ಸಾವಿರಕ್ಕೆ 60ರಷ್ಟು ಅಥವಾ ಇನ್ನೂ ಹೆಚ್ಚು ಕಡಿಮೆ ಇರುತ್ತದೆ. ಕಾವಿನಲ್ಲಿ ಬೆಂದ ಅನಿಲದಲ್ಲಿ ಸಾಮಾನ್ಯವಾಗಿ ಅಷ್ಟು ಕೊರತೆ ಇರದು. ನಮ್ಮ ಕಡಲಿನ ಹೈಡ್ರೇಟಿನ ಅನಿಲ ಬಹುಪಾಲು ಸೂಕ್ಷ್ಮಜೀವಿಗಳದೇ ಎಂದು ವಿಜ್ಞಾನಿಗಳು ಕಂಡರು. ಊರಿನ ಗೋಬರ್ ಗ್ಯಾಸಿನ ಗುಂಡಿಯಲ್ಲಿ ನಡೆಯುವುದೂ ಇಂಥದೇ ಕೆಲಸ.

ಆದರೆ ಈ ಅಂಕಿ ಅನಿಲ ಮಾಡಿದವರು ಯಾರೆಂದು ಹೇಳುತ್ತದೆ, ಮಣ್ಣು ಯಾವ ಊರಿನದೆಂದು ಹೇಳುವುದಿಲ್ಲ. ಯಾವ ಗಿಡ ಬೆಳೆದಿತ್ತೆಂದು ತಿಳಿಯಲು ಕೆಸರಿನಲ್ಲಿ ಉಳಿದ ಎಲೆಯ ಮೇಣವನ್ನು ನೋಡಬೇಕು. ಜೋಳ ಮತ್ತು ಒಣನಾಡಿನ ಹುಲ್ಲುಗಳ ಇಂಗಾಲ ಒಂದು ತೆರ, ಮರಗಳದು ಇನ್ನೊಂದು ತೆರ. ಅದೇ 2006ರ ಯಾನದಲ್ಲಿ ಗೋದಾವರಿಯ ಎದುರು ತೆಗೆದ ಕೆಸರನ್ನು ಓದಿ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಸುಮಾರು 4,000 ವರ್ಷಗಳ ಹಿಂದಿನಿಂದ ಒಳನಾಡು ಒಣಗುತ್ತ ಬಂದದ್ದನ್ನು ತೋರಿಸಿತು. ಬರಗಾಲದ ಲೆಕ್ಕ ನಮ್ಮ ಕೈಫಿಯತ್ತುಗಳಿಗಿಂತ ಬಹಳ ಹಿಂದಿನಿಂದ ಕಡಲತಳದಲ್ಲಿದೆ.

ಈಗ ಆ ಪುಸ್ತಕಕ್ಕೆ ಹೊಸ ಹಾಳೆ ಸೇರುವುದು ಕಡಿಮೆಯಾಗಿದೆ. 1970ರ ದಶಕದ ಆರಂಭದಿಂದ ನವಿಲುತೀರ್ಥದ ಅಣೆಕಟ್ಟು ಮಲಪ್ರಭೆಯನ್ನು ತಡೆದಿದೆ. ಕೃಷ್ಣೆಗೆ ಆಲಮಟ್ಟಿ, ಶ್ರೀಶೈಲ, ನಾಗಾರ್ಜುನಸಾಗರ ಅಡ್ಡ ನಿಂತಿವೆ. ನೀರು ಬಂದದ್ದು ನಮ್ಮ ಭಾಗ್ಯ, ಅದನ್ನು ಹಳಿಯಲಾರೆ. ಆದರೆ ಹೂಳು ಜಲಾಶಯದಲ್ಲೇ ನಿಲ್ಲುತ್ತದೆ. ನಿಂತ ಕೆಸರಿನಲ್ಲೂ ಜೀವಿಗಳು ಮೀಥೇನ್ ಮಾಡುತ್ತವೆ. ಕಡಲತಳದಲ್ಲಿ ಅದನ್ನು ಹಿಡಿದಿಡಲು ಚಳಿಯೂ ಒತ್ತಡವೂ ಇದ್ದವು. ಜಲಾಶಯದಲ್ಲಿ ಹಾಗಿಲ್ಲ, ಗುಳ್ಳೆಯಾಗಿ ಮೇಲೆದ್ದ ಅನಿಲ ಗಾಳಿ ಸೇರಿ ಭೂಮಿಯ ಬಿಸಿ ಹೆಚ್ಚಿಸುತ್ತದೆ.

ಕೆರೆಯ ಹೂಳನ್ನು ಬೇಸಿಗೆಯಲ್ಲಿ ಬಂಡಿ ಕಟ್ಟಿ ಹೊಲಕ್ಕೆ ಹೊಡೆಯುತ್ತಿದ್ದ ನಮ್ಮ ಹಿರಿಯರಿಗೆ ಇಂಗಾಲ-13 ಗೊತ್ತಿರಲಿಲ್ಲ. ಮಣ್ಣು ಎಲ್ಲಿ ಇರಬೇಕೆಂಬುದು ಗೊತ್ತಿತ್ತು.