ಚೆನ್ನೈ–ಬೆಂಗಳೂರು ವಿಮಾನ: ಹಾರಾಟ ಒಂದು ಗಂಟೆ, ಪೆರುಂಗುಡಿಯಿಂದ ಮನೆ ಸೇರಲು ಎಷ್ಟು ಹೊತ್ತು?

ಚೆನ್ನೈ: ಐಟಿ ಕಂಪನಿಗಳಿರುವ ಪೆರುಂಗುಡಿಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಊರಿನಿಂದ ತುರ್ತು ಕರೆ ಬಂದರೆ ಮೊದಲು ನೆನಪಾಗುವುದು ವಿಮಾನ. ಆದರೆ ಟಿಕೆಟ್ ಮೇಲಿನ ಒಂದು ಗಂಟೆಯನ್ನೇ ನಂಬಿ ಹೊರಟರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಪ್ರಯಾಣದ ವಿವರ ಇಲ್ಲಿದೆ.

ದೂರ ಎಷ್ಟು?

ಚೆನ್ನೈ ಮತ್ತು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 268 ಕಿ.ಮೀ. ರೈಲು ಮಾರ್ಗ ಸುಮಾರು 360 ಕಿ.ಮೀ. ಇದ್ದರೆ, ವೆಲ್ಲೂರು, ಕೃಷ್ಣಗಿರಿ, ಹೊಸೂರು ಮೂಲಕ ರಸ್ತೆ ದಾರಿ ಸುಮಾರು 350 ಕಿ.ಮೀ.

ಹಾರಾಟಕ್ಕೆ ಎಷ್ಟು ಸಮಯ?

ಗಂಟೆಗೆ 800 ಕಿ.ಮೀ. ವೇಗದಲ್ಲಿ ಈ ದೂರಕ್ಕೆ 20 ನಿಮಿಷ ಸಾಕು. ಆದರೆ ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ರನ್‌ವೇವರೆಗೆ ಸಾಗಲು, ಸರದಿ ಕಾಯಲು ಸಹ ಸಮಯ ಬೇಕು. ಹೀಗಾಗಿ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಅಥವಾ ಸ್ವಲ್ಪ ಹೆಚ್ಚು ತೋರಿಸುತ್ತಾರೆ.

ಮನೆಯಿಂದ ಮನೆಗೆ ಲೆಕ್ಕ

* ಪೆರುಂಗುಡಿಯಿಂದ ಚೆನ್ನೈ ವಿಮಾನ ನಿಲ್ದಾಣಕ್ಕೆ: ವಾಹನ ದಟ್ಟಣೆ ಇದ್ದರೆ ಸುಮಾರು 1 ಗಂಟೆ
* ಚೆಕ್-ಇನ್, ಭದ್ರತಾ ತಪಾಸಣೆ: ಒಂದೂವರೆ ಗಂಟೆ
* ವಿಮಾನ: ಸುಮಾರು 1 ಗಂಟೆ
* ಇಳಿದು, ಬ್ಯಾಗ್ ಪಡೆದು ಹೊರಬರಲು: ಅರ್ಧ ಗಂಟೆ

ಅಂದರೆ ದೇವನಹಳ್ಳಿಯಲ್ಲಿ ಹೊರಬರುವಷ್ಟರಲ್ಲೇ 4 ಗಂಟೆ. ಅಲ್ಲಿಂದ ಹೆಬ್ಬಾಳಕ್ಕೆ ಮುಕ್ಕಾಲು ಗಂಟೆ, ಜಯನಗರಕ್ಕೆ ಒಂದೂವರೆ ಗಂಟೆ, ಎಲೆಕ್ಟ್ರಾನಿಕ್ ಸಿಟಿಗೆ 2 ಗಂಟೆ ಹಿಡಿಯಬಹುದು. 2008ರ ಮೇ ತಿಂಗಳವರೆಗೆ ಪ್ರಯಾಣಿಕರ ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣಕ್ಕೇ ಬರುತ್ತಿದ್ದವು. ಆಗ ಈ ಕೊನೆಯ ಹಂತ ಬಹಳ ಮಂದಿಗೆ ಚಿಕ್ಕದಾಗಿತ್ತು.

ರೈಲಾದರೆ?

2022ರ ನವೆಂಬರ್ 11ರಂದು ಚಾಲನೆ ಪಡೆದ ಚೆನ್ನೈ–ಮೈಸೂರು ವಂದೇ ಭಾರತ್ ಎಕ್ಸ್‌ಪ್ರೆಸ್ ಚೆನ್ನೈ ಸೆಂಟ್ರಲ್‌ನಿಂದ ಬೆಂಗಳೂರಿನ ಕೆಎಸ್‌ಆರ್ ನಿಲ್ದಾಣಕ್ಕೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪುತ್ತದೆ. ಪೆರುಂಗುಡಿಯಿಂದ ಸೆಂಟ್ರಲ್‌ಗೆ 1 ಗಂಟೆ, ಅಲ್ಲಿ ಅರ್ಧ ಗಂಟೆ ಸೇರಿಸಿದರೆ ಮೆಜೆಸ್ಟಿಕ್‌ಗೆ 6 ಗಂಟೆ. ಜಯನಗರಕ್ಕೆ ಅಲ್ಲಿಂದಲೇ ಮೆಟ್ರೋ ಇದೆ. ಒಟ್ಟಾರೆ ವಿಮಾನಕ್ಕಿಂತ ಒಂದು ಗಂಟೆಯಷ್ಟೇ ಹೆಚ್ಚು. ಮೈಸೂರಿಗೆ ಹೋಗುವವರು ರೈಲು ಬದಲಿಸಬೇಕಿಲ್ಲ.

ಯಾರಿಗೆ ಯಾವುದು ಸೂಕ್ತ?

ಯಲಹಂಕ, ಹೆಬ್ಬಾಳ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯವರಿಗೆ ವಿಮಾನವೇ ಬೇಗ. ಮೆಜೆಸ್ಟಿಕ್, ಜಯನಗರ, ಮೈಸೂರು ಕಡೆಯವರು ರೈಲಿನ ಸಮಯವನ್ನೂ ನೋಡಿಕೊಳ್ಳುವುದು ಒಳ್ಳೆಯದು. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದವರಿಗೆ ಹೊಸೂರು ಮೂಲಕ ಬರುವ ರಾತ್ರಿ ಬಸ್ ಅನುಕೂಲ. ಸುಮಾರು 6ರಿಂದ 7 ಗಂಟೆ ಹಿಡಿದರೂ ನಗರದೊಳಗಿನ ಓಡಾಟ ಉಳಿಯುತ್ತದೆ.

ಇವು ಗಮನದಲ್ಲಿರಲಿ

* ತುರ್ತಾಗಿ ಹೊರಟಿದ್ದರೆ ವೆಬ್ ಚೆಕ್-ಇನ್ ಮಾಡಿ, ಕೈಚೀಲವಷ್ಟೇ ಒಯ್ಯಿರಿ. ಬ್ಯಾಗೇಜ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ.
* ಚಳಿಗಾಲದ ಮುಂಜಾನೆ ದೇವನಹಳ್ಳಿಯಲ್ಲಿ ಮಂಜಿನಿಂದ ವಿಮಾನಗಳು ತಡವಾಗುವುದುಂಟು.
* ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈ ಮಳೆಯ ಮುನ್ಸೂಚನೆ ನೋಡಿ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ವೇಳೆ ರನ್‌ವೇಗೆ ನೀರು ನುಗ್ಗಿ ವಿಮಾನ ಸಂಚಾರ ನಿಂತಿತ್ತು.
* ವೇಳಾಪಟ್ಟಿ ಬದಲಾಗುತ್ತಿರುತ್ತದೆ. ಟಿಕೆಟ್ ಕಾಯ್ದಿರಿಸುವ ಮುನ್ನ ಆ ದಿನದ ಸಮಯ ಖಚಿತಪಡಿಸಿಕೊಳ್ಳಿ.