ವಸಂತಕಾಲದ ಲಾಲ್‌ಬಾಗ್

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ನೆಲ. ಹಳದಿಯ ಟಬೆಬುಯ, ಊದಾಬಣ್ಣದ ಜಕರಾಂಡ ಮರಗಳಿಂದ ಉದುರಿದ ಹೂವು ದಾರಿಯನ್ನು ಮುಚ್ಚಿರುತ್ತದೆ. ತಲೆಯೆತ್ತಿ ಮರವನ್ನು ನೋಡುವುದು ಆಮೇಲೆ. ನಮ್ಮ ಪೂರ್ವಕವಿಗಳು ವಸಂತವನ್ನು ವರ್ಣಿಸುವಾಗ ಮಾವು, ಅಶೋಕ, ಮಲ್ಲಿಗೆಗಳನ್ನು ತಪ್ಪದೆ ಕರೆತಂದರು. ಈ ಎರಡು ಮರಗಳನ್ನು ಅವರು ಕಂಡವರಲ್ಲ. ಇವುಗಳ ತವರು ದಕ್ಷಿಣ ಅಮೆರಿಕ. ಬೇಸಗೆ ಬಲಿತ ಮೇಲೆ ಕೆಂಪಗೆ ಉರಿಯುವ ಗುಲ್‌ಮೊಹರ್ ಬಂದುದು ಮಡಗಾಸ್ಕರ್ ದ್ವೀಪದಿಂದ. ಪ್ರಕೃತಿಯ ಕೊಡುಗೆಯೆಂದು ನಾವು ಸವಿಯುವ ಈ ವಸಂತವು ಬಹುಮಟ್ಟಿಗೆ ಮನುಷ್ಯರು ತಂದು ನೆಟ್ಟದ್ದು. ಅದು ನಮ್ಮವರೆಗೆ ಉಳಿದು ಬಂದ ಬಗೆಯನ್ನು ಈ ದಿನ ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ.

ಹೈದರಾಲಿಯು 1760ರಲ್ಲಿ ಈ ತೋಟಕ್ಕೆ ಮೊದಲು ಮಾಡಿದನು. ಟೀಪುವು ದೂರದೇಶಗಳಿಂದ ಗಿಡಗಳನ್ನು ತರಿಸಿ ಅದನ್ನು ಬೆಳೆಸಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷದ ಮೇ ತಿಂಗಳಲ್ಲಿ ಕುಂಪಣಿಯ ವೈದ್ಯನಾದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ತಂದೆಮಕ್ಕಳ ತೋಟಗಳನ್ನು ಕುರಿತು ಬರೆದಿಟ್ಟ ವಿವರವು ಇಂದಿಗೂ ಓದತಕ್ಕದ್ದು. ಚೌಕವಾದ ಮಡಿಗಳು, ನಡುವೆ ನಡೆದಾಡುವ ದಾರಿ, ದಾರಿಯ ಮಗ್ಗುಲಲ್ಲಿ ಸೈಪ್ರೆಸ್ ಮರಗಳು. ಒಂದು ಮಡಿಯ ತುಂಬ ಗುಲಾಬಿಯೇ, ಇನ್ನೊಂದರ ತುಂಬ ದಾಳಿಂಬೆಯೇ. ಟೀಪುವಿನ ತೋಟದಲ್ಲಿ ಗಾರೆಗೆಲಸ ಮಿತಿಮೀರಿ ಗಿಡಗಳಿಗೆ ಉಸಿರು ಕಟ್ಟಿದಂತಿದೆಯೆಂದೂ, ಹೈದರನ ದಾರಿಗಳು ಅಗಲವಾಗಿ ಮರಗಳು ಒತ್ತಾಗದೆ ನಿಂತಿವೆಯೆಂದೂ ಅವನ ಅಭಿಪ್ರಾಯ. ಯುದ್ಧ ಮುಗಿದು ವರ್ಷವಷ್ಟೇ ಆಗಿತ್ತು; ಸೋತವನ ತೋಟದಲ್ಲಿ ನಿಂತು ಗೆದ್ದವರ ಕಡೆಯವನು ಅಭಿರುಚಿಯ ತಾರತಮ್ಯವನ್ನು ಇಷ್ಟು ಸಮಾಧಾನದಿಂದ ಬರೆದನೆಂಬುದು ನನಗಂತೂ ಸೋಜಿಗ.

ಆ ಬಳಿಕ ತೋಟಕ್ಕೆ ಒಡೆಯರು ಬದಲಾಗುತ್ತಲೇ ಹೋದರು. ಮೊದಲು ಕುಂಪಣಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ ನೋಡಿಕೊಂಡನು. ಮುಂದೆ ಅದು ಮೇಜರ್ ಗಿಲ್ಬರ್ಟ್ ವಾ ಎಂಬ ಸೇನಾಧಿಕಾರಿಯ ಕೈಸೇರಿತು. ಅವನು 1819ರಲ್ಲಿ ಅದನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸನಿಗೆ ಒಪ್ಪಿಸಿದನು. ಬೆಂಗಳೂರಿನ ಗಿಡಗಳಿಗೆ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ! 1836ರಲ್ಲಿ ಒಂದು ಕೃಷಿ ತೋಟಗಾರಿಕೆಯ ಸಂಘಕ್ಕೆ ಕೊಟ್ಟರು. 1842ರಲ್ಲಿ ಆ ಸಂಘವೇ ಮುಚ್ಚಿಹೋಯಿತು. ಕಡೆಗೆ 1856ರಲ್ಲಿ ಸರಕಾರವು ಇದನ್ನು ತನ್ನ ಸಸ್ಯೋದ್ಯಾನವೆಂದು ನಿಶ್ಚಯಿಸಿತು. ಎರಡು ವರ್ಷಗಳ ಮೇಲೆ ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದನು.

ಅವನ ತರುವಾಯ 1874ರಲ್ಲಿ ಬಂದ ಜಾನ್ ಕೆಮರನ್ನನ ಕಾಲದಲ್ಲಿ ಗಾಜಿನ ಮನೆಗೆ ಅಸ್ತಿವಾರ ಬಿದ್ದುದು, 1889ರಲ್ಲಿ. ಅದನ್ನು ಎಲ್ಲರೂ ಬಲ್ಲರು. ನಮ್ಮ ಸಾರುಹುಳಿಯೊಳಗೆ ತಲೆಮಾರುಗಳಿಂದ ನೆಲಸಿರುವ ಸೀಮೆಬದನೆಯೂ ಆತನ ಕೊಡುಗೆಯೆಂಬುದನ್ನು ಅಷ್ಟಾಗಿ ಬಲ್ಲವರಿಲ್ಲ. ಹೆಸರಿನಲ್ಲೇ ಸೀಮೆಯ ಗುರುತಿದ್ದರೂ ಅದನ್ನು ಪರಕೀಯವೆಂದು ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲ. 1908ರಲ್ಲಿ ಅಧಿಕಾರ ವಹಿಸಿದ ಜರ್ಮನಿಯ ಕ್ರುಂಬಿಗಲ್ ಅವರದು ಇನ್ನೂ ದೊಡ್ಡ ಯೋಚನೆ. ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೀದಿಬೀದಿಗೆ ಮರಗಳನ್ನು ಆರಿಸಿ, ಬೆಂಗಳೂರಿಗೆ ವರ್ಷವಿಡೀ ಹೂವಿನ ಸರದಿ ಇರಬೇಕೆಂದು ಅವರು ಬಯಸಿದರು. 1932ರಲ್ಲಿ ಅವರ ಸ್ಥಾನಕ್ಕೆ ಎಚ್. ಸಿ. ಜವರಾಯರು ಬಂದರು.

ಇಲ್ಲಿಯವರೆಗೆ ನಾನು ಹೇಳಿದ ಹೆಸರುಗಳೆಲ್ಲ ಒಡೆಯರವು, ಅಧಿಕಾರಿಗಳವು. ಆದರೆ ಚೈತ್ರದ ಬಿಸಿಲಿಗೆ ಬಾಡುವ ಸಸಿಯು ತೋಟ ಯಾರ ಹೆಸರಿನಲ್ಲಿದೆಯೆಂದು ವಿಚಾರಿಸುವುದಿಲ್ಲ. ಆ ಹೊತ್ತಿಗೆ ನೀರು ಬೇಕು, ಅಷ್ಟೆ. ಒಬ್ಬ ಒಡೆಯ ಹೋಗಿ ಇನ್ನೊಬ್ಬ ಬರುವ ನಡುವಣ ಬೇಸಗೆಗಳಲ್ಲಿ ನೀರೆರೆದವರು ಯಾರು? ನಾನು ನೋಡಿದ ಪುಸ್ತಕಗಳಲ್ಲಿ ಅವರ ಹೆಸರಿಲ್ಲ. ಹೈದರನ ಕಾಲದಿಂದಲೂ ಇಲ್ಲಿ ದುಡಿದವರು ತಿಗಳರೆಂದು ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಹೂವು, ತರಕಾರಿಗಳ ಬೇಸಾಯ ಅವರ ಕುಲದ ಕಸುಬು. ಲಾಲ್‌ಬಾಗಿನ ಜಕರಾಂಡ ಇನ್ನೂ ಉದುರುತ್ತಿರುವ ಚೈತ್ರದ ಹುಣ್ಣಿಮೆಯ ರಾತ್ರಿ, ಅದೇ ತಿಗಳರ ಕರಗವು ಮಲ್ಲಿಗೆಯನ್ನು ಮೈತುಂಬ ಹೊದ್ದು ಧರ್ಮರಾಯನ ಗುಡಿಯಿಂದ ಪೇಟೆಯ ಬೀದಿಗಿಳಿಯುತ್ತದೆ.